ಅರ್ಧಕ್ಕೆ ನಿಂತಿದ್ದ ಮರದ ಡಾಲ್‌ಹೌಸ್ ಕಿಟ್ ತಗೊಂಡು ಮುಗಿಸಿದ್ದು: ಕಿಟ್ ಹೇಗಿದೆ, ಯಾರು ತಗೋಬಹುದು

ಬೇರೆಯವ್ರು ಶುರು ಮಾಡಿ ಅರ್ಧಕ್ಕೆ ಬಿಟ್ಟಿರೋ ಮರದ ಡಾಲ್‌ಹೌಸ್ ಕಿಟ್ (ಹಲಗೆ ಚೂರುಗಳನ್ನ ಜೋಡಿಸಿ ಅಂಟಿಸಿ ನಾವೇ ಕಟ್ಕೊಳ್ಳೋ ಬೊಂಬೆ ಮನೆ) ತಗೋಬಹುದಾ ಅಂತ ತುಂಬ ಜನ ಕೇಳ್ತಾರೆ, ನನ್ನ ಉತ್ತರ ಮೊದಲೇ ಹೇಳ್ಬಿಡ್ತೀನಿ. ತಗೋಬಹುದು. ಆದ್ರೆ ಎಷ್ಟು ಕಟ್ಟಿದಾರೆ ಅಂತ ನೋಡಿ ತಗೋಬೇಡಿ, ಯಾವ ಅಂಟಲ್ಲಿ ಅಂಟಿಸಿದಾರೆ, ಮೂಲೆಗಳು ಮಟ್ಟಕ್ಕಿವ್ಯಾ, ಕಟ್ಟದೇ ಉಳಿದಿರೋ ಹಲಗೆ ಎಲ್ಲಾ ಡಬ್ಬದಲ್ಲಿದ್ಯಾ, ಈ ಮೂರು ನೋಡಿ ತಗೊಳ್ಳಿ. ಮಾರೋರು "ಮುಕ್ಕಾಲು ಕೆಲಸ ಆಗೋಗಿದೆ, ಇನ್ನು ಸ್ವಲ್ಪನೇ ಉಳಿದಿರೋದು" ಅಂತ ಹೇಳ್ತಾರಲ್ಲ, ಅದನ್ನ ಕೇಳಿ ಖುಷಿಪಡೋದಕ್ಕಿಂತ ಹುಷಾರಾಗೋದೇ ಒಳ್ಳೇದು, ಯಾಕಂದ್ರೆ ಮುಕ್ಕಾಲು ಆಗಿರೋ ಮನೆ ಸೊಟ್ಟ ಇದ್ರೆ ಕಾಲು ಭಾಗ ಆಗಿರೋ ಮನೆಗಿಂತ ಜಾಸ್ತಿ ಕೆಲಸ ಕೊಡುತ್ತೆ. ಮುಗಿಸೋದು ಅಂದ್ರೆ ಮೊದಲು ಬಿಚ್ಚೋದು, ಆಮೇಲೆ ಕಟ್ಟೋದು. ಇದನ್ನ ಒಪ್ಕೊಂಡ್ರೆ ಮಾತ್ರ ಈ ತರ ಕಿಟ್‌ಗೆ ಕೈ ಹಾಕಿ.

ನಂಗೆ ಸಿಕ್ಕಿದ್ದು 1:12 ಅಳತೆಯ ಮನೆ. ಅಂದ್ರೆ ನಿಜವಾದ ಮನೇಲಿ ಒಂದು ಅಡಿ ಇರೋದು ಇಲ್ಲಿ ಒಂದು ಇಂಚು. ಕೆಳಗೊಂದು ಮೇಲೊಂದು ಅಂತಸ್ತು, ಅದರ ಮೇಲೆ ಅಟ್ಟ, ಮುಂದೆ ಜಗಲಿ, ಜಗಲಿಗೆ ಕೆತ್ತನೆ ಕಂಬ, ಕಟಕಟೆ, ಸೂರಿನ ಅಂಚಿಗೆಲ್ಲ ಲೇಸ್ ತರ ಕೊರೆದಿರೋ ಪಟ್ಟಿ, ಹಿಂಭಾಗ ಪೂರ್ತಿ ಓಪನ್. ಕಂಪನಿ ಹೆಸರು ಹೇಳಲ್ಲ, ಯಾಕಂದ್ರೆ ಕೆಳಗೆ ನಾನು ದೂರೋ ವಿಷಯದಲ್ಲಿ ಅರ್ಧ ಕಿಟ್‌ದು, ಅರ್ಧ ಹಿಂದಿನವರ ಕೈಕೆಲಸದ್ದು, ಎರಡನ್ನೂ ಒಬ್ಬರ ತಲೆಗೆ ಕಟ್ಟೋದು ಸರಿಯಲ್ಲ. ಬಂದಾಗ ಅಡಿಪಾಯದ ಹಲಗೆ, ಕೆಳಗಿನ ಗೋಡೆಗಳು, ಮೊದಲನೇ ಮಹಡಿ ನೆಲ, ಮೆಟ್ಟಿಲು ಇಷ್ಟು ನಿಂತಿತ್ತು. ಚಾವಣಿ, ಅಟ್ಟದ ಗೋಡೆ, ಕಿಟಕಿ ಚೌಕಟ್ಟು, ಜಗಲಿ ಎಲ್ಲಾ ಇನ್ನೂ ಕೀಳದೆ ಅಚ್ಚೊತ್ತಿ ಕತ್ತರಿಸಿದ ದೊಡ್ಡ ಹಲಗೇಲೇ ಇತ್ತು, ಕೆಲವು ಕಿತ್ತು ಕವರಲ್ಲಿ ಹಾಕಿದ್ರು.

ಅಳತೆ ಬಗ್ಗೆ ಒಂದು ಮಾತು. ಡಬ್ಬ ಹೋಗಿ ಬರೀ ಮನೆ ಸಿಕ್ಕಿದ್ರೆ ಬಾಗಿಲಿನ ಜಾಗ ಅಳೆದು ನೋಡಿ. ಏಳು ಇಂಚಿನ ಹತ್ರ ಎತ್ತರ ಇದ್ರೆ 1:12, ಮೂರೂವರೆ ಇಂಚಿನ ಹತ್ರ ಇದ್ರೆ 1:24. 1:12 ಆಗಿದ್ರೆ ತುಂಬಾ ಅನುಕೂಲ, ಕುರ್ಚಿ, ಮಂಚ, ದೀಪ, ರೆಡಿಮೇಡ್ ಬಾಗಿಲು ಕಿಟಕಿ ಯಾರು ಮಾಡಿದ್ದಾದ್ರೂ ಹೊಂದುತ್ತೆ. ಇಂಗ್ಲೆಂಡಿನ ರಾಣಿ ಮೇರಿಗೆ ಅಂತ 1921ರಿಂದ 1924ರವರೆಗೆ ಕಟ್ಟಿದ ಆ ಫೇಮಸ್ ಬೊಂಬೆ ಮನೆ ಇದ್ಯಲ್ಲ, ವಿಂಡ್ಸರ್ ಕೋಟೆಯಲ್ಲಿರೋದು, ಅದೂ ಇದೇ 1:12, ಅದ್ರಲ್ಲಿ ನಲ್ಲಿ ನೀರು, ಕರೆಂಟ್ ದೀಪ ಎಲ್ಲಾ ಇದೆ. ನೂರು ವರ್ಷದಿಂದ ಇದೇ ಅಳತೇಲಿ ಜನ ಕೆಲಸ ಮಾಡ್ತಿದಾರೆ ಅಂದ್ರೆ ಸಾಮಾನು ಸಿಗೋದ್ರಲ್ಲಿ ಏನೂ ಆಶ್ಚರ್ಯ ಇಲ್ಲ.

ಈಗ ಕಿಟ್ ಬಗ್ಗೆ. ಇದು ಡೈ-ಕಟ್ ಪ್ಲೈವುಡ್, ಸುಮಾರು 3 ಮಿಲಿಮೀಟರ್ ದಪ್ಪ, ಮೂರು ಪದರದ್ದು. ಡೈ-ಕಟ್ ಅಂದ್ರೆ ಲೇಸರ್‌ನಲ್ಲಿ ಕೊಯ್ದಿದ್ದಲ್ಲ, ಉಕ್ಕಿನ ಅಲಗು ಇರೋ ಅಚ್ಚನ್ನ ಹಲಗೆ ಮೇಲೆ ಒತ್ತಿ ಕತ್ತರಿಸಿರೋದು. ಅಲಗು ಚೂಪಿದ್ದಾಗ ಚೆನ್ನಾಗಿ ಕಟ್ ಆಗುತ್ತೆ, ಮೊಂಡಾದ ಮೇಲೆ ಮರದ ಎಳೆನ ಕತ್ತರಿಸೋ ಬದಲು ಜಜ್ಜುತ್ತೆ, ಹಿಂಬದಿಗೆ ಸಿಬಿರು ಸಿಬಿರಾಗಿ ಎದ್ದಿರುತ್ತೆ. ನಮ್ಮ ಹಲಗೆಗಳಲ್ಲಿ ಗೋಡೆ, ನೆಲದಂಥ ದೊಡ್ಡ ಭಾಗಗಳು ಚೆನ್ನಾಗೇ ಇದ್ವು, ಸೂರಿನ ಪಟ್ಟಿ ಮತ್ತೆ ಕಟಕಟೆಯ ಹಲಗೆ ಮಾತ್ರ ತೀರಾ ಕೆಟ್ಟದಾಗಿತ್ತು. ಹಿಂದಿನವರು ಬೆರಳಲ್ಲಿ ಒತ್ತಿ ಕಿತ್ತಿರೋ ಪಟ್ಟಿಗಳಲ್ಲಿ ಮೇಲಿನ ಪದರನೇ ಎದ್ದು ಬಂದಿತ್ತು, ನಾನು ಮಿಕ್ಕಿದ್ದನ್ನ ಕಿತ್ತಿದ್ದು ಹೀಗೆ: ಹಲಗೆ ತಿರುಗಿಸಿ ಹಿಂಬದಿಯಿಂದ ಕಟ್ ಆಗದೇ ಇರೋ ಗೆರೆ ಮೇಲೆಲ್ಲ ಹೊಸ ಬ್ಲೇಡಲ್ಲಿ ನಿಧಾನಕ್ಕೆ ಎರಡು ಸಲ ಎಳೆದು, ಆಮೇಲೆ ತಳ್ಳೋದು. ಬಲ ಹಾಕಬೇಕು ಅನ್ನಿಸಿದ್ರೆ ಇನ್ನೂ ಕಟ್ ಆಗಿಲ್ಲ ಅಂತ ಅರ್ಥ. ಕಿತ್ತ ಮೇಲೆ 220 ನಂಬರ್ ಸ್ಯಾಂಡ್‌ಪೇಪರಲ್ಲಿ ಅಂಚು ಉಜ್ಜಿದ್ರೆ ಸಾಕು.

ಲೇಸರ್ ಕಟ್ ಕಿಟ್‌ಗಳಲ್ಲಿ ಈ ಗೋಳಿಲ್ಲ, ಅಂಚು ಸ್ವಲ್ಪ ಕಪ್ಪಾಗಿರುತ್ತೆ ಅಷ್ಟೇ. ಎಮ್‌ಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ದಪ್ಪ ಗೋಡೆ ಬರೋ ಕಿಟ್‌ಗಳೂ ಇವೆ, ಅವು ಭಾರ, ಗಟ್ಟಿ, ಸುಲಭಕ್ಕೆ ಬಾಗಲ್ಲ, ನೀರು ಬಿದ್ರೆ ಮಾತ್ರ ಉಬ್ಬಿ ಹಾಳಾಗ್ತವೆ. ಮೊದಲನೇ ಸಲ ಅರ್ಧ ಕಟ್ಟಿದ್ದು ತಗೊಳೋರಿಗೆ ನಾನು ಎಮ್‌ಡಿಎಫ್ ಮನೆನೇ ಹೇಳೋದು, ಆಕಾರ ಸರಿಯಾಗಿ ನಿಂತಿದ್ರೆ. ಆದ್ರೂ ಅಂದಕ್ಕೆ ತೆಳು ಪ್ಲೈವುಡ್ ಕಿಟ್‌ನ ಮೀರಿಸೋದು ಕಷ್ಟ, ಆ ಕೆತ್ತನೆ ಪಟ್ಟಿ, ಸೂರಿನ ಓರೆ, ಮುಂದಕ್ಕೆ ಚಾಚಿರೋ ಕಿಟಕಿ, ಇವೆಲ್ಲ ಇದ್ರಲ್ಲೇ ಚೆನ್ನಾಗಿ ಬರೋದು.

ಡಬ್ಬ ತೆಗೆದ ತಕ್ಷಣ ಅಂಟು ಹುಡುಕ್ಬೇಡಿ, ಭಾಗಗಳ ಪಟ್ಟಿ ಹುಡುಕಿ. ಒಳ್ಳೆ ಕಿಟ್‌ಗಳಲ್ಲಿ ಪ್ರತಿ ಹಲಗೆಯ ನಕ್ಷೆ ಕೊಟ್ಟಿರ್ತಾರೆ, ಯಾವ ಹಲಗೇಲಿ ಯಾವ ಭಾಗ ಎಲ್ಲಿದೆ, ನಂಬರ್ ಏನು ಅಂತ. ಇದ್ರಲ್ಲಿ ಆ ನಕ್ಷೆ ಇತ್ತು, ಅದೊಂದೇ ಕಾರಣಕ್ಕೆ ಈ ಕಿಟ್‌ಗೆ ನಾನು ಜಾಸ್ತಿ ಮಾರ್ಕ್ಸ್ ಕೊಡ್ತೀನಿ. ಜೊತೆಗೆ ಹಿಂದಿನವರು ಕಿತ್ತ ಪ್ರತಿಯೊಂದು ಚೂರಿನ ಹಿಂದೆ ಪೆನ್ಸಿಲ್‌ನಲ್ಲಿ ನಂಬರ್ ಬರೆದಿಟ್ಟಿದ್ರು, ಪುಣ್ಯಾತ್ಮರು ಯಾರೋ ಗೊತ್ತಿಲ್ಲ, ಅವರ ಅಂಟಿನ ಕೆಲಸ ನಂಗೆ ಇಷ್ಟ ಆಗಿಲ್ಲ, ಆದ್ರೆ ಈ ಪೆನ್ಸಿಲ್ ಕೆಲಸಕ್ಕೆ ಕೈ ಮುಗೀಬೇಕು. ನಂಬರ್ ಇಲ್ಲದ ಸಡಿಲ ಚೂರುಗಳ ಕವರ್ ಸಿಕ್ಕಿದ್ರೆ ಖಾಲಿಯಾದ ಹಲಗೆ ಚೌಕಟ್ಟನ್ನ ಎಸೀಬೇಡಿ, ಆ ತೂತುಗಳಲ್ಲಿ ಚೂರು ಕೂರಿಸಿ ನೋಡಿದ್ರೆ ಯಾವುದು ಯಾವುದು ಅಂತ ಗೊತ್ತಾಗುತ್ತೆ. ಮಾರೋರಿಗೂ ಇದನ್ನೇ ಕೇಳಿ, ಖಾಲಿ ಹಲಗೆ ಕಸಕ್ಕೆ ಹಾಕಿದೀರಾ ಇಟ್ಟಿದೀರಾ ಅಂತ.

ಕಾಣೆಯಾದ ಭಾಗಗಳಿಗೆ ಗಾಬರಿ ಬೀಳ್ಬೇಡಿ. ಇಂಥ ಮನೆಗಳಲ್ಲಿ ಬಹಳಷ್ಟು ಭಾಗ ಎಡ-ಬಲ ಜೋಡಿ ಇರುತ್ತೆ, ಒಂದು ಇದ್ರೆ ಅದನ್ನ ದಪ್ಪ ಕಾಗದದ ಮೇಲಿಟ್ಟು ಗೆರೆ ಎಳೆದು, ತಿರುಗಿಸಿ, ಅದೇ ದಪ್ಪದ ಪ್ಲೈವುಡ್‌ನಲ್ಲಿ ಕೊಯ್ಕೊಂಡ್ರೆ ಆಯ್ತು. ದಪ್ಪ ಮಾತ್ರ ಸರಿಯಾಗಿರ್ಬೇಕು, ಟ್ಯಾಬ್-ಸ್ಲಾಟ್ (ಒಂದು ಹಲಗೆಯ ನಾಲಗೆ ಇನ್ನೊಂದರ ಸೀಳಲ್ಲಿ ಕೂರೋ) ಕಿಟ್‌ನಲ್ಲಿ ಅರ್ಧ ಮಿಲಿಮೀಟರ್ ಜಾಸ್ತಿ ಇದ್ರೂ ಟ್ಯಾಬು ಸ್ಲಾಟ್ ಒಳಗೆ ಹೋಗಲ್ಲ. ನಮ್ಮದ್ರಲ್ಲಿ ಜಗಲಿ ಕಂಬದ ಬುಡದ ಚೂರುಗಳು ಮತ್ತೆ ಅಟ್ಟದ ಕಿಟಕಿಯ ಒಂದು ಪಕ್ಕ ಇರಲಿಲ್ಲ, ಎರಡೂ ಹೀಗೇ ಮಾಡ್ಕೊಂಡಿದ್ದು. ಬಣ್ಣ ಬಳಿದ ಮೇಲೆ ಯಾವುದು ಕಿಟ್‌ದು ಯಾವುದು ನಂದು ಅಂತ ಕಾಣಲ್ಲ.

ಈಗ ಮುಖ್ಯ ವಿಷಯ, ಅಂಟು. ಹಿಂದಿನವರು ಇಡೀ ಮನೆನ ಹಾಟ್ ಗ್ಲೂ ಗನ್‌ನಲ್ಲಿ ಅಂಟಿಸಿದ್ರು. ಬೇಗ ಹಿಡ್ಕೊಳ್ಳುತ್ತೆ ಅಂತ ಎಲ್ಲರೂ ಅದನ್ನೇ ಬಳಸ್ತಾರೆ, ನಂಗೆ ಮಾತ್ರ ಮನೆಯ ಗೋಡೆಗೆ ಅದು ಸುತರಾಂ ಬೇಡ. ಬಿಸಿ ಅಂಟು ಮರದ ಮೇಲೆ ಬೀಳ್ತಿದ್ದಂಗೆ ಆರೋಕೆ ಶುರುವಾಗುತ್ತೆ, ಗೋಡೆ ಸರಿಯಾಗಿ ಕೂರಿಸೋಷ್ಟರಲ್ಲಿ ಗಟ್ಟಿಯಾಗಿ ಮಧ್ಯೆ ಒಂದು ದಪ್ಪ ಪದರ ನಿಂತ್ಬಿಡುತ್ತೆ, ಅಲ್ಲಿ ಸಂದು. ಆ ಸಂದಿನಿಂದ ಗೋಡೆ ವಾಲುತ್ತೆ, ಗೋಡೆ ವಾಲಿದ್ರೆ ಮೇಲಿನ ನೆಲದ ಟ್ಯಾಬು ಸ್ಲಾಟ್‌ಗೆ ಸೇರಲ್ಲ, ಆಗ ಎಲ್ಲರೂ ಟ್ಯಾಬನ್ನ ಉಜ್ಜಿ ಸಣ್ಣ ಮಾಡೋಕೆ ಹೋಗ್ತಾರೆ, ಚಾವಣಿ ಹತ್ರ ಬರೋಷ್ಟರಲ್ಲಿ ಎರಡು ಓರೆ ಹಲಗೆಗಳು ಒಂದಕ್ಕೊಂದು ಸೇರೋದೇ ಇಲ್ಲ. ಎಷ್ಟೋ ಡಾಲ್‌ಹೌಸ್‌ಗಳು ಅರ್ಧಕ್ಕೆ ನಿಲ್ಲೋದು ಇದೇ ಹಂತದಲ್ಲಿ ಅಂತ ನಂಗೆ ಅನ್ಸುತ್ತೆ, ಕಟ್ಟೋರಿಗೆ ಬೇಜಾರಾಗಿ ಅಲ್ಲ, ಕೆಳಗಡೆ ಆಗಿರೋದು ಮೇಲೆ ಬಂದು ಕಾಡೋದ್ರಿಂದ. ಬಿಸಿಲು ಬೀಳೋ ಜಾಗದಲ್ಲಿಟ್ರೆ ಹಾಟ್ ಗ್ಲೂ ಮೆತ್ತಗಾಗುತ್ತೆ, ಚಳೀಲಿ ಪೆಡಸಾಗಿ ಟಪ್ ಅಂತ ಬಿಟ್ಕೊಳ್ಳುತ್ತೆ, ಬಣ್ಣನೂ ಅದರ ಮೇಲೆ ನಿಲ್ಲಲ್ಲ.

ಒಂದು ಸಮಾಧಾನ ಏನಂದ್ರೆ ಬಿಚ್ಚೋಕೆ ಇದರಷ್ಟು ಸುಲಭದ ಅಂಟು ಇನ್ನೊಂದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್, ಮೆಡಿಕಲ್ ಶಾಪಲ್ಲಿ ಸ್ಪಿರಿಟ್ ಅಂತ ಸಿಗುತ್ತಲ್ಲ ಆ ತರದ್ದು, ನೀರಿನಂಶ ಕಮ್ಮಿ ಇರೋದು ತಗೊಳ್ಳಿ. ಕಿವಿಗೆ ಹಾಕೋ ಹತ್ತಿ ಕಡ್ಡಿ ಅದ್ದಿ ಅಂಟಿನ ಮೇಲೆ ಅಲ್ಲ, ಅಂಟು ಮತ್ತೆ ಮರ ಸೇರೋ ಗೆರೆ ಉದ್ದಕ್ಕೂ ಸವರ್ಬೇಕು. ಸ್ಪಿರಿಟ್ ಅಂಟನ್ನ ಕರಗಿಸಲ್ಲ, ಅಂಟಿನ ಕೆಳಗೆ ನುಸುಳಿ ಮರದ ಮೇಲಿನ ಹಿಡಿತ ಬಿಡಿಸುತ್ತೆ. ಸ್ವಲ್ಪ ಹೊತ್ತು ಕಾದ್ರೆ ಅಂಚಲ್ಲಿ ಒಂದು ಬೆಳ್ಳಗಿನ ಗೆರೆ ಕಾಣುತ್ತೆ, ಅದು ಅಂಟು ಮರದಿಂದ ಎದ್ದಿರೋ ಗುರುತು, ಅಲ್ಲಿಂದ ತೆಳು ಸ್ಪಾಟುಲಾ ತುದಿ ತೂರಿಸಿ ನಿಧಾನಕ್ಕೆ ಸರಿಸ್ತಾ ಹೋದ್ರೆ ಇಡೀ ಪಟ್ಟಿ ರಬ್ಬರ್ ದಾರದ ತರ ಒಂದೇ ಎಳೆಯಾಗಿ ಎದ್ದು ಬರುತ್ತೆ, ಮರಕ್ಕೆ ಒಂದು ಕಲೆನೂ ಆಗಲ್ಲ. ಮೆಟ್ಟಿಲ ಕೆಳಗೆ ಕಡ್ಡಿ ಹೋಗದ ಕಡೆ ಡ್ರಾಪರ್‌ನಲ್ಲಿ ಬಿಟ್ಟೆ. ಸ್ಪಿರಿಟ್ ಬೆಂಕಿ ಹಿಡಿಯೋ ವಸ್ತು, ಕಿಟಕಿ ತೆಗೆದಿಟ್ಟು ಮಾಡಿ, ಹೇರ್ ಡ್ರೈಯರ್ ಅದರ ಜೊತೆ ಸೇರಿಸ್ಬೇಡಿ. ಹೇರ್ ಡ್ರೈಯರ್ ಒಂದನ್ನೇ ಬಳಸಿಯೂ ಹಾಟ್ ಗ್ಲೂ ಮೆತ್ತಗೆ ಮಾಡಬಹುದು, ಆದ್ರೆ ಅಂಟು ಎಳೆಎಳೆಯಾಗಿ ಮರಕ್ಕೇ ಮೆತ್ಕೊಳ್ಳುತ್ತೆ, ನಂಗೆ ಸ್ಪಿರಿಟ್ ದಾರಿನೇ ಇಷ್ಟ.

ಫೆವಿಕಾಲ್ ತರದ ಬಿಳಿ ಅಂಟಲ್ಲಿ ಅಂಟಿಸಿದ್ರೆ ಕಥೆ ಬೇರೆ. ಬೆಚ್ಚಗಿನ ನೀರಲ್ಲಿ ಇಲ್ಲಾ ಬಿಳಿ ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ಸಂದಿಗೆ ಒತ್ತಿಟ್ರೆ ಮೆತ್ತಗಾಗುತ್ತೆ, ಆದ್ರೆ ತುಂಬಾ ನೆನೆಸಿದ್ರೆ ಪ್ಲೈವುಡ್ಡಿನ ಪದರನೇ ಬಿಟ್ಕೊಳ್ಳುತ್ತೆ. ಬಿಳಿ ಅಂಟಲ್ಲಿ ಸರಿಯಾಗಿ ಕೂತಿರೋ ಗೋಡೆನ ಮುಟ್ಟಲೇಬೇಡಿ. ಸೂಪರ್ ಗ್ಲೂ ಆಗಿದ್ರೆ ಅಸಿಟೋನ್ ಬೇಕು. ಯಾವ ಅಂಟಾದ್ರೂ ಹಳೇದನ್ನ ಮರ ಕಾಣೋವರೆಗೂ ಕೆರೆದು ತೆಗೀಲೇಬೇಕು, ಗಟ್ಟಿಯಾದ ಹಳೆ ಅಂಟಿನ ಮೇಲೆ ಹೊಸ ಅಂಟು ಹಿಡಿಯಲ್ಲ, ಅದಕ್ಕೆ ಮರದ ಎಳೆನೇ ಬೇಕು.

ಹಳೆ ಬಣ್ಣ ಇದ್ರೂ ಒಂದು ಎಚ್ಚರಿಕೆ. ಎಷ್ಟು ವರ್ಷದ ಹಿಂದಿನದು ಅಂತ ಗೊತ್ತಿಲ್ಲದ ಬಣ್ಣನ ಒಣಗಿದ್ದಾಗ ಉಜ್ಜಬೇಡಿ, ಹಿಂದೆ ಬಣ್ಣದಲ್ಲಿ ಸೀಸ ಹಾಕ್ತಿದ್ರು, ಅಮೆರಿಕದಲ್ಲೇ ಮನೆ ಬಣ್ಣಕ್ಕೂ ಆಟದ ಸಾಮಾನಿಗೂ ಅದನ್ನ ನಿಷೇಧ ಮಾಡಿದ್ದು 1978ರಲ್ಲಿ. ಆ ಧೂಳು ಮಕ್ಕಳ ಹೊಟ್ಟೆಗೆ ಹೋದ್ರೆ ತುಂಬಾ ಕೆಟ್ಟದ್ದು. ನಮ್ಮದ್ರಲ್ಲಿ ಬಣ್ಣ ಬಳಿದೇ ಇರಲಿಲ್ಲ, ಅದೇ ಇದನ್ನ ಆರಿಸ್ಕೊಳ್ಳೋಕೆ ಒಂದು ಕಾರಣ.

ಬಿಚ್ಚಿ ಆದ್ಮೇಲೆ ಮತ್ತೆ ಕಟ್ಟೋದ್ರಲ್ಲಿ ಈ ಕಿಟ್ ನಿಜವಾಗ್ಲೂ ಚೆನ್ನಾಗಿದೆ ಅಂತ ಗೊತ್ತಾಯ್ತು. ಅಂಟಿಲ್ಲದೆ ಬರೀ ಮಾಸ್ಕಿಂಗ್ ಟೇಪ್ ಸುತ್ತಿ ಇಡೀ ಮನೆ ಒಂದ್ಸಲ ಚಾವಣಿವರೆಗೂ ನಿಲ್ಲಿಸಿ ನೋಡಿದೆ, ಎಲ್ಲಾ ಟ್ಯಾಬು ತಂತಮ್ಮ ಸ್ಲಾಟಿಗೆ ಸರಾಗವಾಗಿ ಕೂತ್ವು. ಅಂದ್ರೆ ವಿನ್ಯಾಸದಲ್ಲಿ ತಪ್ಪಿರಲಿಲ್ಲ. ಈ ಅಂಟಿಲ್ಲದ ಜೋಡಣೆ ಬಿಟ್ಬಿಡ್ಬೇಡಿ, ಯಾವ ಗೋಡೆ ಯಾವುದಕ್ಕಿಂತ ಮೊದಲು ಹೋಗ್ಬೇಕು, ಎಲ್ಲಿ ಬೆರಳು ತೂರಲ್ಲ, ಎಲ್ಲಿ ಮೊದಲೇ ಬಣ್ಣ ಬಳೀಬೇಕು ಇವೆಲ್ಲ ಆಗಲೇ ಗೊತ್ತಾಗೋದು. ಅಂಟಿಸುವಾಗ ವುಡ್ ಗ್ಲೂ ತೆಳ್ಳಗೆ, ಟೇಪ್ ಬಿಗಿಯಾಗಿ, ಮೂಲೆಮಟ್ಟ ಇಟ್ಟು ನೋಡಿ, ಜೊತೆಗೆ ಮೂಲೆಯಿಂದ ಮೂಲೆಗೆ ಓರೆಯಾಗಿ ಎರಡೂ ಕಡೆ ಅಳೀರಿ, ಎರಡೂ ಅಳತೆ ಒಂದೇ ಇದ್ರೆ ಪೆಟ್ಟಿಗೆ ಮಟ್ಟಕ್ಕಿದೆ. ಅರ್ಧ ಗಂಟೇಲಿ ಕೈ ಬಿಡಬಹುದು, ಪೂರ್ತಿ ಬಲ ಬರೋಕೆ ಒಂದು ಇಡೀ ದಿನ ಬಿಡಿ. ಟ್ಯಾಬಿಗೆ, ಸ್ಲಾಟ್ ಒಳಗೆ ಬಣ್ಣ ತಾಗಿಸ್ಬೇಡಿ, ಅಷ್ಟು ತೆಳು ಬಣ್ಣನೂ ಅಲ್ಲಿ ಅಡ್ಡ ಬರುತ್ತೆ, ಅಂಟೂ ಹಿಡಿಯಲ್ಲ.

ಹಲಗೆ ಬಾಗಿರೋದು ಇಂಥ ಹಳೆ ಕಿಟ್‌ಗಳಲ್ಲಿ ಇದ್ದೇ ಇರುತ್ತೆ, ವರ್ಷಗಟ್ಟಲೆ ಡಬ್ಬ ನಿಲ್ಲಿಸಿ ಇಟ್ಟಿರ್ತಾರಲ್ಲ. ನಮ್ಮದ್ರಲ್ಲಿ ಚಾವಣಿಯ ದೊಡ್ಡ ಹಲಗೆ ಬಾಗಿತ್ತು. ಗುಳಿ ಬಿದ್ದಿರೋ ಮೈಗೆ ಒದ್ದೆ ಬಟ್ಟೇಲಿ ಒರೆಸಿ, ಆ ಮೈ ಸ್ವಲ್ಪ ಹಿಗ್ಗಿದ ಮೇಲೆ ಎರಡು ಸಮತಟ್ಟು ಹಲಗೆ ಮಧ್ಯ ಇಟ್ಟು ಮೇಲೆ ಭಾರ ಹೇರಿ ಪೂರ್ತಿ ಒಣಗೋ ತನಕ ಬಿಡ್ಬೇಕು. ಉಬ್ಬಿರೋ ಮೈಗೆ ನೀರು ಹಾಕಿದ್ರೆ ಇನ್ನೂ ಜಾಸ್ತಿ ಬಾಗುತ್ತೆ. ನೂರಕ್ಕೆ ನೂರು ನೇರ ಆಗಲಿಲ್ಲ, ಆಗೋ ಅಗತ್ಯನೂ ಇರಲಿಲ್ಲ, ಟೇಪ್ ಹಾಕಿ ಬಿಗಿದಾಗ ಕೂತ್ಕೊಳ್ತು. ನೇರ ಆದ್ಮೇಲೆ ಎರಡೂ ಮೈಗೆ ಪ್ರೈಮರ್ ಬಳೀರಿ, ಒಂದೇ ಕಡೆ ಬಳಿದ್ರೆ ಮತ್ತೆ ಬಾಗುತ್ತೆ.

ಪ್ರೈಮರ್ ವಿಷಯದಲ್ಲಿ ಜಿಪುಣತನ ಬೇಡ. ಈ ಕಿಟ್‌ನ ಪ್ಲೈವುಡ್ ಕೆಂಪಗಿನ ಮರದ್ದು, ಬಿಳಿ ಬಣ್ಣ ನೇರವಾಗಿ ಬಳಿದ್ರೆ ಒಳಗಿನಿಂದ ಹಳದಿ-ಕಂದು ಕಲೆ ಮೇಲೆದ್ದು ಬರುತ್ತೆ, ವಾಲ್‌ಪೇಪರ್ ಹಾಕಿದ್ರೂ ಅಷ್ಟೇ, ಸ್ವಲ್ಪ ಕಾಲಕ್ಕೆ ಕಾಗದ ಹಳದಿ ತಿರುಗುತ್ತೆ. ಅರಗು ಸೇರಿರೋ ಶೆಲ್ಯಾಕ್ ಪ್ರೈಮರ್ ಒಂದು ಕೈ ಕೊಟ್ರೆ ಕಲೆ ಅಲ್ಲೇ ನಿಲ್ಲುತ್ತೆ.

ಕಿಟ್ ಜೊತೆ ಬಂದಿರೋ ಸೂಚನೆ ಪುಸ್ತಕದ ಬಗ್ಗೆ ನನ್ನ ದೊಡ್ಡ ತಕರಾರು ಇದೇ: ಮನೆ ಹೇಗೆ ನಿಲ್ಲಿಸ್ಬೇಕು ಅಂತ ಬಿಡಿಸಿ ಬಿಡಿಸಿ ಹೇಳ್ತಾರೆ, ಒಳಗಿನ ಕೆಲಸ ಯಾವಾಗ ಮಾಡ್ಬೇಕು ಅಂತ ಮಾತೇ ಇಲ್ಲ. ಅಕ್ಷರಶಃ ಪುಸ್ತಕದ ಪ್ರಕಾರ ಹೋದ್ರೆ ಮೆಟ್ಟಿಲು ಅಂಟಿಸಿ, ಮೇಲಿನ ನೆಲ ಅಂಟಿಸಿ, ಆಮೇಲೆ ಮೆಟ್ಟಿಲ ಹಿಂದಿನ ಗೋಡೆಗೆ ಕಾಗದ ಹೇಗೆ ಅಂಟಿಸ್ತೀರಾ? ಕೈಯೇ ಹೋಗಲ್ಲ. ಹಿಂದಿನವರು ಪುಸ್ತಕ ಹೇಳಿದಂಗೇ ಮಾಡಿದ್ರು, ಪಾಪ. ನಾನು ಮೆಟ್ಟಿಲು ಬಿಚ್ಚಿ ಹೊರಗೆ ತೆಗೆದು, ಮೆಟ್ಟಿಲ ಮೈಗೆ ಮರದ ಬಣ್ಣ, ಮುಖಕ್ಕೆ ಬಿಳಿ, ಕಟಕಟೆ ಎಲ್ಲಾ ಹೊರಗೇ ಮುಗಿಸಿ, ಹಿಂದಿನ ಗೋಡೆಗೆ ಕಾಗದ ಹಾಕಿ ಒಣಗಿಸಿ ಆಮೇಲೆ ಒಳಗಿಟ್ಟಿದ್ದು. ಕರೆಂಟ್ ಬೇಕಂದ್ರೆ ಅದೂ ಕಾಗದಕ್ಕಿಂತ ಮೊದಲೇ ಹೋಗ್ಬೇಕು. ಗೋಡೆ ನಿಂತಿರೋ ಮನೆಗೆ ತಾಮ್ರದ ಟೇಪ್ ವೈರಿಂಗ್ ಚೆನ್ನಾಗಿ ಹೊಂದುತ್ತೆ, ಅಂಟಿರೋ ಪಟ್ಟಿಯಲ್ಲಿ ಎರಡು ತೆಳು ತಾಮ್ರದ ಗೆರೆ ಇರುತ್ತೆ, ಗೋಡೆ ಮೇಲೆ ಹಾಗೇ ಅಂಟಿಸ್ಕೊಂಡು ಹೋಗೋದು, ಗೋಡೇಲಿ ಗೀರು ತೋಡ್ಬೇಕಾಗಿಲ್ಲ, ಮೇಲೆ ಕಾಗದ ಬಂದ್ರೆ ಕಾಣಲ್ಲ, 12 ವೋಲ್ಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ನಡೆಯುತ್ತೆ. ಒಂದೆರಡು ದೀಪ ಸಾಕು ಅನ್ನೋರಿಗೆ ಬ್ಯಾಟರಿ ಇರೋ ಸಣ್ಣ ಎಲ್ಇಡಿಗಳೇ ಸುಲಭ. ನಾನು ಕೆಳಗಿನ ಅಂತಸ್ತಿಗೆ ಟೇಪ್, ಅಟ್ಟಕ್ಕೆ ಬ್ಯಾಟರಿ ಹಾಕಿದೀನಿ, ಎರಡೂ ಚೆನ್ನಾಗಿದೆ.

ವಾಲ್‌ಪೇಪರ್‌ಗೆ ಮೊದಲು ನ್ಯೂಸ್‌ಪೇಪರಲ್ಲಿ ಅಚ್ಚು ಮಾಡ್ಕೊಂಡು ಕಿಟಕಿ ಬಾಗಿಲ ತೂತು ಗುರುತು ಹಾಕಿ ಆಮೇಲೆ ಒಳ್ಳೆ ಕಾಗದ ಕತ್ತರಿಸಿ. ಇದ್ರಲ್ಲಿ ಹೇಳೋಕೆ ಜಾಸ್ತಿ ಏನಿಲ್ಲ.

ಕಿಟಕಿಗಳು ಈ ಕಿಟ್‌ನ ದುರ್ಬಲ ಭಾಗ. ಪ್ರತಿ ಕಿಟಕಿಗೂ ಒಳಗೊಂದು ಹೊರಗೊಂದು ತೆಳು ಚೌಕಟ್ಟು, ಮಧ್ಯೆ ಪ್ಲಾಸ್ಟಿಕ್ ಹಾಳೆ. ಚೌಕಟ್ಟಿನ ಅಡ್ಡಪಟ್ಟಿಗಳು ಎಷ್ಟು ಸಪೂರ ಅಂದ್ರೆ ಎಳೆಗೆ ಅಡ್ಡಡ್ಡ ಬಂದಿರೋ ಕಡೆ ಉಜ್ಜುವಾಗಲೇ ಮುರೀತವೆ. ಉಜ್ಜೋಕೆ ಮುಂಚೆ ಅವುಗಳ ಮೇಲೆ ನೀರು ಬೆರೆಸಿದ ಅಂಟು ಒಂದು ಕೈ ಸವರಿ ಒಣಗಿಸಿದೆ, ಎಳೆ ಗಟ್ಟಿ ಹಿಡ್ಕೊಳ್ತು, ಆಮೇಲೆ ಉಜ್ಜಿದ್ರೆ ಸಿಬಿರೂ ಏಳಲಿಲ್ಲ. ಮುರಿದಿದ್ದ ಕೆಲವಕ್ಕೆ ಹೊಸ ಕಡ್ಡಿ ಕೂರಿಸ್ದೆ. ಬಣ್ಣ ಎಲ್ಲಾ ಆದ್ಮೇಲೆನೇ ಪ್ಲಾಸ್ಟಿಕ್ ಹಾಳೆ ಹಾಕಿ, ಸೂಪರ್ ಗ್ಲೂ ಅದರ ಹತ್ರ ತರ್ಬೇಡಿ, ಹಾಳೆ ಮಂಜು ಹಿಡಿದಂಗೆ ಬೆಳ್ಳಗಾಗುತ್ತೆ. ಕಿಟಕಿ ತೆಗೆದು ಹಾಕೋ ಹಾಗೆ ಇರಲ್ಲ, ಬಾಗಿಲು ಮಾತ್ರ ತೆಗೆಯುತ್ತೆ. ನಮ್ಮಣ್ಣನ ಮಗಳು ನೋಡಿದ ತಕ್ಷಣ ಕೇಳಿದ್ದು ಅದನ್ನೇ, "ಅತ್ತೆ, ಕಿಟಕಿ ಯಾಕೆ ತೆಗೆಯಲ್ಲ?" ಅಂತ. ನ್ಯಾಯವಾದ ಪ್ರಶ್ನೆ. ತೆಗೆಯೋ ಕಿಟಕಿ ಬೇಕಂದ್ರೆ 1:12 ರೆಡಿಮೇಡ್ ಕಿಟಕಿ ತಗೊಂಡು ಗೋಡೆಯ ತೂತನ್ನ ಅದಕ್ಕೆ ಹೊಂದಿಸ್ಬೇಕು, ಅದನ್ನ ಗೋಡೆ ನಿಲ್ಲಿಸೋಕೆ ಮುಂಚೆನೇ ಮಾಡ್ಬೇಕು.

ಚಾವಣಿ ಹಂಚು ನಂಗೆ ತುಂಬಾ ಖುಷಿ ಕೊಟ್ಟ ಭಾಗ. ಕಿಟ್‌ನಲ್ಲಿ ಮರದ ಸಣ್ಣ ಸಣ್ಣ ಹಂಚಿನ ಚೂರುಗಳ ಒಂದು ಚೀಲ ಬರುತ್ತೆ, ನೋಡೋಕೆ ಜಾಸ್ತಿ ಅನ್ಸುತ್ತೆ, ಹಾಕ್ತಾ ಹೋದಂಗೆ ಖಾಲಿ ಆಗೋದೇ ಗೊತ್ತಾಗಲ್ಲ. ಹಾಕೋಕೆ ಮುಂಚೆನೇ ಎಲ್ಲಾ ಚೂರಿಗೂ ಬಣ್ಣ ಹಿಡಿಸ್ಬೇಕು, ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ವುಡ್ ಸ್ಟೇನ್ ಸುರಿದು ಕಲಸಿ, ಹರಡಿ ಒಣಗಿಸಿದ್ರೆ ಒಂದೊಂದು ಒಂದೊಂದು ಛಾಯೆಗೆ ಬರುತ್ತೆ, ಆ ಹೆಚ್ಚುಕಮ್ಮಿ ಬಣ್ಣದಿಂದಲೇ ಚಾವಣಿ ನಿಜವಾದ್ದರ ತರ ಕಾಣೋದು. ಚಾವಣಿ ಮೇಲೆ ಒಂದೊಂದು ಇಂಚಿಗೆ ಪೆನ್ಸಿಲ್ ಗೆರೆ ಎಳ್ಕೊಳ್ಳಿ, ಸೂರಿನ ಕಡೆಯಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಮೊದಲನೇ ಸಾಲು ಎರಡು ಪದರ, ಮೇಲಿನ ಸಾಲಿನ ಸಂದು ಕೆಳಗಿನ ಹಂಚಿನ ಮಧ್ಯಕ್ಕೆ ಬರ್ಬೇಕು. ಇಲ್ಲಿ ವುಡ್ ಗ್ಲೂ ಬೇಡ, ಅದರ ನೀರು ಹೀರ್ಕೊಂಡು ತೆಳು ಚೂರುಗಳು ಅಂಚಲ್ಲಿ ಸುರುಳಿ ಏಳ್ತವೆ. ನೀರಿಲ್ಲದ ಕಾಂಟ್ಯಾಕ್ಟ್ ಸಿಮೆಂಟ್ ತರದ ಅಂಟು ತಗೊಳ್ಳಿ, ಗೋಡೆಗೆ ಬೇಡ ಅಂದ ಹಾಟ್ ಗ್ಲೂ ಕೂಡ ಹಂಚಿಗೆ ನಡೆಯುತ್ತೆ, ಅಲ್ಲಿ ಅದು ಏನೂ ಭಾರ ಹೊರಬೇಕಾಗಿಲ್ಲ. ಮುಂದಕ್ಕೆ ಚಾಚಿರೋ ಅಟ್ಟದ ಕಿಟಕಿ ಸುತ್ತ ಓರೆ ಕತ್ತರಿಸ್ಬೇಕಾಗುತ್ತೆ, ಅಲ್ಲಿ ತಾಳ್ಮೆ ಬೇಕು, ಪ್ರತಿ ಚೂರನ್ನೂ ಇಟ್ಟು ಗೆರೆ ಹಾಕಿ ಕತ್ತರಿಸಿ. ನಾನು ಸಾಯಂಕಾಲ ಕೂತ್ರೆ ಏಳೋಕೇ ಮನಸ್ಸಾಗ್ತಿರಲಿಲ್ಲ, ಸಾಲು ಸಾಲಾಗಿ ಮೇಲೇರೋದು ನೋಡೋದೇ ಒಂದು ಸುಖ.

ಜಗಲಿಯ ಲೇಸ್ ಪಟ್ಟಿ, ಕಂಬ ಎಲ್ಲಾ ಬಣ್ಣ ಬಳಿದೇ ಅಂಟಿಸಿ, ಅಂಟಿಸಿದ ಮೇಲೆ ಆ ಸಂದುಗಳಿಗೆ ಬ್ರಶ್ ಹೋಗಲ್ಲ.

ಹಾಗಾದ್ರೆ ಕಿಟ್ ಹೇಗಿದೆ? ವಿನ್ಯಾಸಕ್ಕೆ ಐದಕ್ಕೆ ಐದು ಕೊಡ್ತೀನಿ, ಬಿಚ್ಚಿ ಮತ್ತೆ ಕಟ್ಟಿದ್ರೂ ಎಲ್ಲಾ ಸೇರಿದೆ ಅಂದ್ರೆ ಯಾರೋ ತಲೆ ಓಡಿಸಿ ಮಾಡಿದಾರೆ. ಮರಕ್ಕೆ ಮೂರು, ದೊಡ್ಡ ಹಲಗೆ ಚೆನ್ನಾಗಿದೆ, ಸಣ್ಣ ಪಟ್ಟಿಗಳು ಚೆನ್ನಾಗಿಲ್ಲ. ಸೂಚನೆ ಪುಸ್ತಕಕ್ಕೆ ಎರಡು, ನಕ್ಷೆ ಇಲ್ದಿದ್ರೆ ಒಂದೇ ಕೊಡ್ತಿದ್ದೆ. ಕಿಟಕಿಗೆ ಎರಡು. ಹಂಚಿಗೆ ಐದು.

ಯಾರು ತಗೋಬೇಕು ಅಂದ್ರೆ, ಕೈಕೆಲಸ ಇಷ್ಟ ಇರೋರು, ಬೇರೆಯವರ ಕೆಲಸ ಬಿಚ್ಚೋಕೆ ಬೇಸರ ಇಲ್ದೇ ಇರೋರು, ಮನೇಲಿ ಒಂದು ಮೇಜು ಪೂರ್ತಿ ಇದಕ್ಕೇ ಬಿಡೋಕೆ ಆಗೋರು. ಹುಟ್ಟುಹಬ್ಬಕ್ಕೆ ಕೊಡ್ಬೇಕು, ಬೇಗ ಮುಗೀಬೇಕು ಅನ್ನೋರು ಹೊಸ ಲೇಸರ್ ಕಟ್ ಕಿಟ್ ತಗೊಳ್ಳಿ. ತೀರಾ ಚಿಕ್ಕ ಮಕ್ಕಳಿಗೆ ಇದು ಆಟದ ಸಾಮಾನಲ್ಲ, ಕಟಕಟೆ ಕಂಬಗಳು ಕೈಗೆ ಮುರಿದು ಬರ್ತವೆ, ಸಣ್ಣ ಚೂರು ಬಾಯಿಗೆ ಹೋಗುತ್ತೆ. ಸ್ವಲ್ಪ ದೊಡ್ಡ ಮಕ್ಕಳನ್ನ ಹಂಚು ಹಾಕೋಕೆ ಜೊತೆಗೆ ಕೂರಿಸ್ಕೊಳ್ಳಿ, ತುಂಬಾ ಶ್ರದ್ಧೆಯಿಂದ ಮಾಡ್ತಾರೆ, ನಮ್ಮ ಮನೆಯ ಎಡಗಡೆ ಚಾವಣಿ ಅಣ್ಣನ ಮಗಳೇ ಹಾಕಿದ್ದು, ಗೆರೆ ಒಂದು ಕೂದಲೆಳೆನೂ ತಪ್ಪಿಲ್ಲ.

ತಗೊಳೋಕೆ ಮುಂಚೆ ಮಾರೋರ ಹತ್ರ ನಾಲ್ಕು ಫೋಟೋ ಕೇಳಿ: ಮನೆನ ಮೇಲಿಂದ ನೇರವಾಗಿ ತೆಗೆದಿದ್ದು, ಮೂಲೆ ಮಟ್ಟ ಗೊತ್ತಾಗೋಕೆ, ಒಳಗಿನ ಒಂದು ಸಂದು ಹತ್ತಿರದಿಂದ, ಯಾವ ಅಂಟು ಅಂತ ಗೊತ್ತಾಗೋಕೆ, ಉಳಿದ ಹಲಗೆ ಎಲ್ಲಾ ನೆಲದ ಮೇಲೆ ಹರಡಿ ಒಂದು, ನಕ್ಷೆ ಇರೋ ಪುಟದ್ದು ಒಂದು. ನಾಲ್ಕನೇದು ಕಳಿಸಿದ್ರೆ ಮಿಕ್ಕಿದ್ದು ಸ್ವಲ್ಪ ಹೆಚ್ಚುಕಮ್ಮಿ ಇದ್ರೂ ಧೈರ್ಯವಾಗಿ ತಗೊಳ್ಳಿ.